ಗೋವಿನಜೋಳದ ಸಾಲು ಹೊಲಿದವರು

ಲೋಕ ಇನ್ನೂ ಹೊಸದಾಗಿತ್ತು. ಆಕಾಶಕ್ಕೆ ಬಳಿದ ನೀಲಿ ಹಸಿಹಸಿಯಾಗಿತ್ತು, ಮುಟ್ಟಿದರೆ ಕೈಗೆ ಹತ್ತುತ್ತಿತ್ತು. ಹೊಳೆಗಳು ದಾರಿ ಗೊತ್ತಿಲ್ಲದೆ ಸಿಕ್ಕಸಿಕ್ಕವರನ್ನು ಕೇಳಿಕೊಂಡು ಹರಿಯುತ್ತಿದ್ದವು. ಆಗ ಗಿಡ ಮಾತಾಡುತ್ತಿತ್ತು, ಗಾಳಿ ಮಾತಾಡುತ್ತಿತ್ತು. ಗಿಳಿಯಂತೂ ಬಿಡಿ, ಆಗಲೂ ಬಾಯಿ ಮುಚ್ಚುತ್ತಿರಲಿಲ್ಲ.

ಆ ಕಾಲದಲ್ಲಿ ಗೋವಿನಜೋಳ ತನ್ನ ಕಾಳನ್ನು ತಲೆಯ ಮೇಲೆ ಹೊತ್ತು ನಿಲ್ಲುತ್ತಿತ್ತು. ಬಿಳಿಜೋಳ ಹೊತ್ತ ಹಾಗೆ, ಸಜ್ಜೆ ಹೊತ್ತ ಹಾಗೆ. ಆದರೆ ಇದರ ಕಾಳು ದಪ್ಪ, ತೂಕವೂ ಜಾಸ್ತಿ. ಹಿಡಿದು ನಿಲ್ಲಿಸಲು ಏನೂ ಇರಲಿಲ್ಲ. ಗಾಳಿ ಬಂದು, "ಹ್ಯಾಂಗದಿಯವಾ?" ಎಂದು ಬೆನ್ನು ತಟ್ಟಿದರೆ ಸಾಕು, ಕಾಳೆಲ್ಲ ನೆಲಕ್ಕೆ. ನೆಲಕ್ಕೆ ಬಿದ್ದದ್ದೆಲ್ಲ ಗಿಳಿಗಳ ಹೊಟ್ಟೆಗೆ.

ಹೊಳೆಯ ದಂಡೆಯಲ್ಲಿ ಹೊಳೆವ್ವ ಎಂಬ ಹೆಣ್ಣುಮಗಳಿದ್ದಳು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುವುದು ಅವಳ ಕಸುಬು. ಒಂದು ದಿನ ಅವಳಿಗೆ ಎಲೆಯ ಕೆಳಗೆ ಗಿಳಿಯ ಕಣ್ಣು ತಪ್ಪಿಸಿಕೊಂಡ ಒಂದು ಕಾಳು ಸಿಕ್ಕಿತು. ಬಾಯಿಗೆ ಹಾಕಿಕೊಂಡಳು. ಪಟ್ಟನೆ ಒಡೆಯಿತು. ಒಳಗೆ ಹಾಲು! ಸಿಹಿ ಹಾಲು! ನಾಲಿಗೆ ಹುಡುಕಿಕೊಂಡು ಬರುವಷ್ಟರಲ್ಲಿ ಮುಗಿದೇ ಹೋಗಿತ್ತು.

"ಯವ್ವಾ ನಮ್ಮವ್ವ! ಇಂಥಾದ್ದನ್ನ ಒಮ್ಮೆ ಬಾಯಿ ತುಂಬ ತಿನ್ನಬೇಕಲ್ಲ," ಎಂದಳು.

ಅಂದಿನಿಂದ ಅವಳಿಗೆ ಅದೇ ಆಸೆ. ಆದರೆ ವರ್ಷ ಹೋದಂತೆ ಬಿತ್ತಲು ಕಾಳೇ ಉಳಿಯದಾಯಿತು. ಹತ್ತು ಗಿಡ ಇದ್ದದ್ದು ಐದಾದವು, ಐದು ಇದ್ದದ್ದು ಒಂದಾಯಿತು. ಆ ಒಂದು ಗಿಡದ ತಲೆಯ ಮೇಲೆ ಕಾಳು ಹಾಲುಗಟ್ಟುತ್ತಿದ್ದಾಗ ಗಿಡವೇ ಅವಳನ್ನು ಕರೆಯಿತು.

"ಹೊಳೆವ್ವಾ, ಗಾಳಿ ಇನ್ನೊಮ್ಮೆ ಬಂದು ಹೋದರ ನನ್ನ ವಂಶ ಮುಗೀತು. ಏನಾರ ಮಾಡವಾ."

ಹೊಳೆವ್ವ ಗಾಳಿಯನ್ನು ತಡೆದು ನಿಲ್ಲಿಸಿದಳು. "ಗಾಳಿಯಪ್ಪಾ, ಈ ದಾರಿ ಬಿಟ್ಟು ಬೇರೆ ದಾರಿ ಹಿಡಿಯೋ."

"ನನಗ ದಾರೀನ ಇಲ್ಲಬೇ, ಬಿಡೂದು ಎಲ್ಲಿಂದ?" ಎಂದಿತು ಗಾಳಿ. "ಕಾಲು ನಿಂತರ ನಾ ಗಾಳಿನ ಅಲ್ಲ. ಈಗ ಗುಡ್ಡದ ಆಚಿ ಹೊಂಟೀನಿ. ಹೊತ್ತು ಮುಳುಗೂದ್ರಾಗ ತಿರುಗಿ ಬರ್ತೀನಿ. ಅಷ್ಟರಾಗ ಏನು ಮಾಡ್ಕೋತಿ ಮಾಡ್ಕೋ."

ಹೊಳೆವ್ವನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಕಾಳನ್ನು ಹೊಲಿದುಬಿಡಬೇಕು! ಆದರೆ ಅಷ್ಟು ಕಾಳು, ಒಬ್ಬಳ ಕೈಯಲ್ಲಿ ಸಂಜೆಯೊಳಗೆ? ಕೌದಿಗೆ ಯಾವಾಗಲೂ ಇಬ್ಬರು ಬೇಕು, ಈ ಕಡೆ ಒಬ್ಬಳು, ಆ ಕಡೆ ಒಬ್ಬಳು. ಆ ದಂಡೆಯಲ್ಲಿ ಸೂಜಿ ಹಿಡಿಯಲು ಬಲ್ಲವಳು ಇನ್ನೊಬ್ಬಳೇ ಇದ್ದಳು, ಅವಳ ವಾರಗಿತ್ತಿ ಸಂಕವ್ವ. ಅವರಿಬ್ಬರಿಗೆ ಮಾತಿಲ್ಲದೆ ಮೂರು ಮಳೆಗಾಲ ಕಳೆದಿದ್ದವು. "ಹೊಳೆವ್ವನ ಹೊಲಿಗಿ ಕೋಳಿ ಕೆದರಿದಂಗ ಐತಿ" ಎಂದು ಸಂಕವ್ವ ನಾಲ್ಕು ಜನರ ಮುಂದೆ ಆಡಿದ್ದಳು.

ಹೊಳೆವ್ವ ದಾರಿಯಲ್ಲಿ ಎರಡು ಸಲ ಹಿಂದಕ್ಕೆ ತಿರುಗಿದಳು. ಎರಡು ಸಲವೂ ಆ ಒಂದು ಕಾಳಿನ ರುಚಿ ನೆನಪಾಗಿ ಮುಂದಕ್ಕೆ ಹೆಜ್ಜೆ ಹಾಕಿದಳು. ಕಡೆಗೆ ಸಂಕವ್ವನ ಬಾಗಿಲಲ್ಲಿ ನಿಂತಳು.

"ಯಾರದು? ಕೋಳಿ ಬಂದಂಗಾತು," ಎಂದಳು ಒಳಗಿನಿಂದ ಸಂಕವ್ವ.

"ಹೌದವಾ, ಕೋಳೀನ ಬಂದೈತಿ. ಸೂಜಿ ತಗೊಂಡು ಹೊರಗ ಬಾ. ಗೋವಿನಜೋಳದ ಗಿಡದ ಜೀವ ಉಳಿಸೂದೈತಿ."

ಸಂಕವ್ವ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು, ಕೆಂಚುದಾರದ ಉಂಡೆ ಹಿಡಿದು ಹೊರಟೇಬಿಟ್ಟಳು. "ನಿನ್ನ ಸಲುವಾಗಿ ಬರಾಕತ್ತಿಲ್ಲ ಯಕ್ಕಾ, ಗಿಡದ ಸಲುವಾಗಿ," ಎನ್ನುವುದನ್ನು ಮಾತ್ರ ಮರೆಯಲಿಲ್ಲ.

ಗಿಡದ ಹತ್ತಿರ ಬಂದರೆ ಕಾಳು ಕೈಗೆ ಎಟಕುತ್ತಿಲ್ಲ. "ತಲಿಮ್ಯಾಲೆ ಹೊತ್ತರ ಹೊಲಿಯೂದು ಹ್ಯಾಂಗ? ಕೂಸಿನ್ನ ಎತ್ಕೊಂಡಂಗ ಸೊಂಟದ ಮ್ಯಾಲೆ ಎತ್ಕೋ," ಎಂದಳು ಸಂಕವ್ವ. ಗಿಡ ಹಾಗೇ ಮಾಡಿತು. ತಲೆಯ ಮೇಲೆ ಬರೀ ತುರಾಯಿ ಉಳಿಯಿತು.

ಕಾಳು ಕೂರಿಸಲು ಗಿಡ ಸೊಂಟದಿಂದ ಚಾಚಿದ ಎಳೆಯ ದಿಂಡೊಂದನ್ನು ನಡುವೆ ಇಟ್ಟು ಇಬ್ಬರೂ ಎದುರುಬದುರು ಕೂತರು. ಒಂದೊಂದು ಕಾಳಿಗೂ ಒಂದೊಂದು ಎಳೆ ದಾರ. ಹೊಳೆವ್ವ ಈ ಕಡೆ ಒಂದು ಸಾಲು ಹಾಕಿದಳು. ಸಂಕವ್ವ ಓರೆಗಣ್ಣಲ್ಲಿ ನೋಡಿ ಆ ಕಡೆ ಒಂದು ಸಾಲು ಹಾಕಿದಳು. ಹೊಳೆವ್ವ ಇನ್ನೊಂದು ಹಾಕಿದಳು. ಸಂಕವ್ವ ಬಿಡುತ್ತಾಳೆಯೇ? ಅವಳೂ ಇನ್ನೊಂದು ಹಾಕಿದಳು. ಕಾಳಿಗೆ ಕಾಳು ಒತ್ತಿ, ನಡುವೆ ಇರುವೆ ನುಸುಳಲು ಜಾಗವಿಲ್ಲದ ಹಾಗೆ.

ಗುಡ್ಡದ ಮೇಲೆ ಮರಗಳು ಅಲ್ಲಾಡಿದವು. ಗಾಳಿ ಬರುತ್ತಿತ್ತು! ದಾರದ ತುದಿಗಳನ್ನು ಹಲ್ಲಿನಿಂದ ಕಚ್ಚಿ ಹರಿಯಲೂ ಹೊತ್ತಿರಲಿಲ್ಲ. ಎಲ್ಲ ತುದಿಗಳನ್ನು ಒಂದೇ ಕಡೆ ಎಳೆದುಕೊಂಡು, ಹೊಳೆವ್ವನ ಕೌದಿಯ ಚೀಲದಲ್ಲಿದ್ದ ಹಸಿರು ಸೀರೆಯ ತುಂಡುಗಳನ್ನು ಪದರದ ಮೇಲೆ ಪದರ ಸುತ್ತಿದರು. ತುದಿಯಲ್ಲಿ ದಾರಗಳು ಜೋತಾಡುತ್ತಲೇ ಉಳಿದವು.

ಗಾಳಿ ಬಂತು, ಬೆನ್ನು ತಟ್ಟಿತು. ಒಂದು ಕಾಳೂ ಬೀಳಲಿಲ್ಲ. ದಾರ ಹಿಡಿದು ಜಗ್ಗಿತು. ಒಂದು ಕಾಳೂ ಅಲುಗಲಿಲ್ಲ.

"ಭಲೇ ಹೆಣ್ಣುಮಕ್ಕಳ!" ಎಂದು ನಗುತ್ತ ಮುಂದೆ ಹೋಯಿತು.

ಹಿಂದಿನಿಂದ ಬಂದ ಗಿಳಿಗಳು ನೆಲವೆಲ್ಲ ಹುಡುಕಿ, ಮೇಲೆ ನೋಡಿ, "ಥೂ! ಕಾಳಿಗೂ ಸೀರಿ ಉಡಿಸ್ತಾರೇನ್ರೇ?" ಎಂದು ಬೈದು ಹಾರಿದವು.

ಗಿಡ ಆ ಹೊಲಿಗೆಯನ್ನು ಕಣ್ಣಲ್ಲೇ ಕಲಿತು, ಇನ್ನೊಂದು ಸೊಂಟದ ಮೇಲೆ ತಾನೇ ಇನ್ನೊಂದು ತೆನೆ ಕಟ್ಟಿಕೊಂಡಿತು. "ಮೊದಲಿಂದು ಬಿತ್ತನಿಗೆ ಇರಲಿ. ಇದು ನಿಮ್ಮ ಬಾಯಿಗೆ," ಎಂದು ಕೈಗಿತ್ತಿತು.

ಹೊಳೆವ್ವ ಬಾಗಿ ಗಿಡದ ಬುಡ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಕೆಂಡ ಮಾಡಿ, ತೆನೆ ಸುಲಿದು ಸುಟ್ಟರು. ಕಾಳು ಚಟಚಟ ಅಂದವು, ಅಲ್ಲಲ್ಲಿ ಕಪ್ಪು ಚುಕ್ಕೆ ಬಿತ್ತು, ವಾಸನೆಗೆ ಹೊಳೆಯೇ ಒಂದು ಗಳಿಗೆ ಹರಿಯುವುದನ್ನು ಮರೆಯಿತು. ತೆನೆ ಮುರಿದು, ಉಪ್ಪು ಸವರಿ, ಹೊಳೆವ್ವ ಅರ್ಧ ಕೊಟ್ಟಳು, ಅರ್ಧ ತಾನು ಹಿಡಿದಳು. ಒಂದು ಸಾಲಿಗೇ ಹಲ್ಲಿಟ್ಟು ಎಳೆದಳು. ಬಾಯಿ ತುಂಬಿತು! ಗಲ್ಲ ತುಂಬಿತು! ಬಿಸಿಹಾಲು ಗದ್ದದ ಮೇಲೆ ಇಳಿಯಿತು, ಕಣ್ಣಲ್ಲೂ ನೀರು ಬಂತು.

ಸಂಕವ್ವ ಕಡೆಯ ಕಾಳೂ ಮುಗಿದ ಮೇಲೆ ಹಲ್ಲಿಗೆ ಸಿಕ್ಕಿದ ಸಿಪ್ಪೆ ತೆಗೆಯುತ್ತ, ಎತ್ತಲೋ ನೋಡುತ್ತ ಅಂದಳು: "ಯಕ್ಕಾ, ನಿನ್ನ ಹೊಲಿಗಿ ಚಲೋ ಐತಿ ಬಿಡು."

ಹೊಳೆವ್ವ ಬರಿದಾದ ದಿಂಡನ್ನು ಇನ್ನೊಮ್ಮೆ ಚೀಪಿದಳು.

ಅದಕ್ಕೇ ಮಕ್ಕಳೇ, ಗೋವಿನಜೋಳ ಇವತ್ತಿಗೂ ತೆನೆಯನ್ನು ಸೊಂಟದ ಮೇಲೆ ಎತ್ತಿಕೊಂಡಿರುತ್ತದೆ, ಹಸಿರು ಪದರದ ತುದಿಯಲ್ಲಿ ಕೆಂಚುದಾರ ಜೋತಾಡುತ್ತಿರುತ್ತದೆ. ಸುಲಿದು ಸಾಲು ಎಣಿಸಿ ನೋಡಿ: ಹನ್ನೆರಡು ಇದ್ದಾವು, ಹದಿನಾಲ್ಕು ಇದ್ದಾವು, ಹದಿಮೂರು ಮಾತ್ರ ಇರಲಿಕ್ಕಿಲ್ಲ, ಯಾಕೆಂದರೆ ಹೊಳೆವ್ವ ಒಂದು ಸಾಲು ಹಾಕಿದ ಮೇಲೆ ಸಂಕವ್ವ ಸುಮ್ಮನೆ ಕೂತವಳಲ್ಲ.