ಹೋರಿ ಇದೆ, ಎಚ್ಚರಿಕೆ

"ಗುರುಗಳೇ, ನಾನು ಕಷ್ಟಪಟ್ಟು ಕಂಡುಕೊಂಡದ್ದನ್ನು ಅವನಿಗೇಕೆ ತೋರಿಸಬೇಕು?"

ಕೇಳಿದವನು ಪ್ರಭುಲಿಂಗ. 'ಅವನು' ಎಂದರೆ ಜೊತೆಗೆ ಸಂಗೀತ ಕಲಿಯುತ್ತಿದ್ದ ಗುರುಪಾದ. ತೋಡಿ ರಾಗದಲ್ಲಿ ಪ್ರಭುಲಿಂಗ ತಾನಾಗಿಯೇ ಒಂದು ತಿರುವು ಕಂಡುಕೊಂಡಿದ್ದ. ಗುರುಪಾದನಿಗೂ ಅದನ್ನು ಹೇಳಿಕೊಡು ಎಂದು ಗುರುಗಳು ಹೇಳಿ ವಾರವಾಗಿತ್ತು. ಗುರುಪಾದ ಬಾಗಿಲಲ್ಲಿ ಕಂಡರೆ ಸಾಕು, ಇವನು ತಂಬೂರಿಗೆ ಗವಸು ಹಾಕಿಬಿಡುತ್ತಿದ್ದ.

ಗುರುಗಳು ಎಲೆಯಡಿಕೆ ತಟ್ಟೆ ಪಕ್ಕಕ್ಕೆ ಸರಿಸಿದರು. ಹಾಡಲು ಕರೆದರೆಂದು ತಾವೊಮ್ಮೆ ಇಂಗ್ಲೆಂಡಿಗೆ ಹೋಗಿದ್ದಾಗ ಉಳಿದುಕೊಂಡ ಹಳ್ಳಿಯ ಕತೆ ಹೇಳುತ್ತೇನೆ, ಬಾಯಿ ಮುಚ್ಚಿಕೊಂಡು ಕೇಳು ಎಂದರು.

ಆ ಹಳ್ಳಿಯಲ್ಲಿ ಗಡಿಯಾರ ರಿಪೇರಿಯವನೊಬ್ಬ, ಬೇಕರಿಯವನೊಬ್ಬ ಇದ್ದರು. ಇಬ್ಬರಿಗೂ ಫೋಟೋ ತೆಗೆಯುವ ಹುಚ್ಚು. ಭಾನುವಾರ ಬಂತೆಂದರೆ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಊರಿನ ಓಣಿಗಳು, ಹೊಲದ ಕಾಲುದಾರಿಗಳು, ಗುಡ್ಡದ ಮೇಲಿನ ಪಾಳು ಕೋಟೆ ಎಲ್ಲವನ್ನೂ ಜೊತೆಯಾಗಿ ಸುತ್ತುತ್ತಿದ್ದರು. ಕೋಟೆಯಲ್ಲಿ ಉಳಿದಿದ್ದಾದರೂ ಏನು? ಒಂದು ಗೋಡೆ, ಅದರಲ್ಲೊಂದು ಕಿಟಕಿಯ ಕಮಾನು. ಪ್ರತಿವರ್ಷ ಊರಿನವರು ಆ ಕೋಟೆಯ ಒಂದೇ ಒಂದು ಫೋಟೋ ಆರಿಸಿ ಊರಿನ ಸಭಾಮಂದಿರದ ಗೋಡೆಗೆ ತೂಗುಹಾಕುತ್ತಿದ್ದರು. ಪ್ರತಿವರ್ಷವೂ ಅದು ಬೇಕರಿಯವನದೇ. ಗಡಿಯಾರದವನು ಅವನ ಕೈಕುಲುಕಿ, ಚೆನ್ನಾಗಿದೆ ಎಂದು ಹೇಳಿ ಮನೆಗೆ ಬರುತ್ತಿದ್ದ. ಬಂದರೆ ಊಟ ಸೇರುತ್ತಿರಲಿಲ್ಲ. ಹೊಟ್ಟೆಕಿಚ್ಚು, ಮತ್ತೇನು? ಒಂದು ಸಲವಾದರೂ ಆ ಗೋಡೆಯ ಮೇಲೆ ತನ್ನ ಫೋಟೋ ಇರಬೇಕು ಎಂಬುದೊಂದೇ ಅವನ ಆಸೆಯಾಗಿತ್ತು.

ಚಳಿಗಾಲ ಮುಗಿಯುತ್ತಿದ್ದ ಒಂದು ಬೆಳಿಗ್ಗೆ, ಗಿರಾಕಿಯ ಗಡಿಯಾರ ಕೊಟ್ಟು ಬರಲೆಂದು ಅವನು ಹೊಲದ ಕಾಲುದಾರಿ ಹಿಡಿದ. ಬೇಲಿಯ ಸಂದಿನಲ್ಲಿ ತಿರುಗಿ ನೋಡಿದರೆ, ಕೋಟೆಯ ಕಮಾನಿನ ನಟ್ಟನಡುವೆ ಸೂರ್ಯ ಹುಟ್ಟುತ್ತಿದ್ದಾನೆ. ಕೈಯಲ್ಲಿ ಕ್ಯಾಮೆರಾ ಇಲ್ಲ. ಮರುದಿನದಿಂದ ಮೋಡ. ಮೋಡ ಹರಿಯುವಷ್ಟರಲ್ಲಿ ಸೂರ್ಯ ಕಮಾನು ಬಿಟ್ಟು ಪಕ್ಕಕ್ಕೆ ಸರಿದಿದ್ದ. ಮತ್ತೆ ಅಲ್ಲಿಗೆ ಬರುವುದು ಮುಂದಿನ ಚಳಿಗಾಲ ಶುರುವಾಗುವ ಹೊತ್ತಿಗೆ.

ಕಾಯಬಹುದಿತ್ತು. ಆದರೆ ಅಷ್ಟರಲ್ಲಿ ಬೇಕರಿಯವನ ಕಣ್ಣಿಗೆ ಬಿದ್ದರೆ? ಆ ದೇಶದಲ್ಲಿ ಹೊಲ ಯಾರದೇ ಇರಲಿ, ಜನ ನಡೆದು ಬಂದ ಕಾಲುದಾರಿಯನ್ನು ಮುಚ್ಚುವಂತಿಲ್ಲ. ಮುದುಕಿಯರು ಚರ್ಚಿಗೆ ಹೋಗುತ್ತಿದ್ದದ್ದು ಅದರಲ್ಲೇ, ನಾಯಿ ಅಡ್ಡಾಡಿಸುವವರು ಬರುತ್ತಿದ್ದದ್ದೂ ಅದರಲ್ಲೇ. ಮುಚ್ಚಲಾಗದಿದ್ದರೇನು, ಹೆದರಿಸಬಹುದಲ್ಲ? ಪುಣ್ಯಾತ್ಮ ಎರಡು ಹಲಗೆಗಳ ಮೇಲೆ 'ಹೋರಿ ಇದೆ, ಎಚ್ಚರಿಕೆ' ಎಂದು ದಪ್ಪಕ್ಷರದಲ್ಲಿ ಬರೆದು, ದಾರಿಯ ಎರಡೂ ತುದಿಗೆ ಕಟ್ಟಿ ಬಂದ. ಹೊಲದ ಯಜಮಾನ ಬೇರೆ ಊರಿನವನು, ಆ ಕಡೆ ತಲೆಹಾಕುತ್ತಿರಲಿಲ್ಲ. ಹೋರಿ ಹಾಗಿರಲಿ, ಆ ಹೊಲದಲ್ಲಿ ಒಂದು ಕರುವೂ ಇರಲಿಲ್ಲ.

ಜನ ಸುತ್ತುಬಳಸಿನ ರಸ್ತೆ ಹಿಡಿದರು. ಭಾನುವಾರದ ಸುತ್ತಾಟದಲ್ಲಿ ಬೇಕರಿಯವನು ಆ ಕಡೆ ತಿರುಗಿದರೆ, ಬೇಡಪ್ಪ, ಹಾಯ್ದರೆ ಕಷ್ಟ ಎಂದು ಇವನೇ ತೋಳು ಹಿಡಿದು ಎಳೆದುಕೊಂಡು ಬರುತ್ತಿದ್ದ. ತಾನೂ ಅತ್ತ ಹೋಗಲಿಲ್ಲ. ಹೋರಿಯಿರುವ ಹೊಲಕ್ಕೆ ಇವನೊಬ್ಬ ಹೋದರೆ ಜನ ಏನಂದಾರು?

ಕಾದ ಬೆಳಿಗ್ಗೆ ಬಂತು. ಆಕಾಶ ತಿಳಿಯಾಗಿತ್ತು. ಕ್ಯಾಮೆರಾ ಹಿಡಿದು ಹೋದರೆ ದಾರಿಯೇ ಇಲ್ಲ. ಯಾರ ಕಾಲೂ ಬೀಳದ ಕಾಲುದಾರಿ ಒಂದೇ ಬೇಸಿಗೆಯಲ್ಲಿ ಮುಚ್ಚಿಹೋಗಿತ್ತು. ತುರಿಕೆ ಗಿಡ ಎದೆಮಟ್ಟ, ಮುಳ್ಳುಬಳ್ಳಿ ತಲೆಮಟ್ಟ. ನುಗ್ಗಿದ. ಅಂಗಿ ಹರಿಯಿತು, ಕೈಯೆಲ್ಲ ಗೀರಿತು, ಬೇಲಿಯ ಸಂದು ಎಲ್ಲಿತ್ತೆಂದೇ ತಿಳಿಯಲಿಲ್ಲ. ಮುಳ್ಳಿನ ನಡುವೆ ಸಿಕ್ಕಿಕೊಂಡು ನಿಂತಿರುವಾಗಲೇ ಬಿಸಿಲೇರಿತು.

ವಾಪಸು ಬರುವಾಗ ಬೇಕರಿಯವನು ಅಂಗಡಿಯ ಬಾಗಿಲಲ್ಲಿದ್ದ. ರಕ್ತ ನೋಡಿ ಒಳಗೆ ಕೂರಿಸಿದ, ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಒರೆಸಿದ. ಎಲ್ಲಿ ಬಿದ್ದೆ ಎಂದು ಕೇಳಿದ್ದಕ್ಕೆ ಇವನು ಹರಿದ ಅಂಗಿಯ ತೋಳನ್ನು ಕೆಳಗೆಳೆದುಕೊಂಡ. ಆಗ ಅವನೇ ಹೇಳಿದ:

"ನಿನಗೊಂದು ಜಾಗ ತೋರಿಸಬೇಕು ಅಂತಿದ್ದೆ. ಕಮಾನಿನೊಳಗೇ ಸೂರ್ಯ ಹುಟ್ಟುತ್ತಾನೆ, ಹೋದ ಚಳಿಗಾಲದಲ್ಲಿ ಕಂಡಿದ್ದೆ. ನಾನು ತೆಗೆಯಲಿಲ್ಲ. ಈ ಸಲ ಗೋಡೆಯ ಮೇಲೆ ನಿನ್ನದು ಬರಲಿ ಅಂತ ಬಿಟ್ಟೆ. ಏನು ಮಾಡೋದು, ಅಲ್ಲಿ ಹೋರಿ ಬಿಟ್ಟುಬಿಟ್ಟಿದ್ದಾರೆ."

ಗಡಿಯಾರದವನು ಬಾಯಿ ತೆರೆದ. ಹೋರಿ ಇಲ್ಲ ಎನ್ನಬೇಕು. ಎಂದರೆ ಹಲಗೆ ಕಟ್ಟಿದವರು ಯಾರೆಂದೂ ಹೇಳಬೇಕು. ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದ. ಆ ವರ್ಷವೂ ಸಭಾಮಂದಿರದಲ್ಲಿ ತೂಗಿದ್ದು ಬೇಕರಿಯವನ ಫೋಟೋವೇ.

ಗುರುಗಳು ಎಲೆಯಡಿಕೆ ತಟ್ಟೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. ಪ್ರಭುಲಿಂಗನಿಗೆ ನಗು ತಡೆಯಲಾಗಲಿಲ್ಲ.

"ಇಲ್ಲದ ಹೋರಿಗೆ ಊರಿಗೆ ಊರೇ ಹೆದರಿತೇ ಗುರುಗಳೇ?"

"ಇಲ್ಲದ ಹೋರಿ ಅಲ್ಲವೋ, ಸ್ವಲ್ಪ ಮುಂಚೆ ನನ್ನೆದುರು ಕೂತು, ಅವನಿಗೇಕೆ ತೋರಿಸಬೇಕು ಅಂತ ಕೇಳಿತಲ್ಲ, ಅದೇ ಹೋರಿ."