ಬುದ್ಧಸ್ವಾಮಿ ಕೈ ಮಡಿಲಿಗೆ ಇಳಿದದ್ದು

ಬನ್ನಿ, ಹತ್ತಿರ ಬನ್ನಿ. ಕಾಲು ಮಡಚಿ ಕೂತ್ಕೊಂಡು ಹೂಂಗುಟ್ಟಬೇಕು ಮತ್ತೆ. ಹೂಂಗುಟ್ಟೋರಿಲ್ಲದಿದ್ರೆ ಕತೆ ಅರ್ಧದಾರೀಲೇ ಕೂತುಬಿಡುತ್ತೆ.

ಒಂದಾನೊಂದು ಊರು. ಊರ ಹಿಂದೆ ಒಂದು ಕೆಂಗಲ್ಲ ಗುಡ್ಡ. ಮಳೆಗಾಲದಲ್ಲಿ ತಂಗೋಕೆ ನೆಲೆಯಿಲ್ಲದ ಭಿಕ್ಷುಗಳಿಗಾಗಿ ಆ ಗುಡ್ಡದ ಹೊಟ್ಟೆ ಕೊರೆದು ಬುದ್ಧಸ್ವಾಮಿ ಗುಡಿ ಮಾಡಬೇಕು ಅಂತ ರಾಜನ ಅಪ್ಪಣೆ ಆಯ್ತಂತೆ. ಕೆಲಸ ಹಿಡಿದೋರು ಅಣ್ಣತಮ್ಮಂದಿರು. ಅಣ್ಣ ಎರೆಯೋಜ, ತಮ್ಮ ಬಮ್ಮೋಜ. ಅಣ್ಣ ಮುಖ ಮಾಡಿದ್ರೆ ಕಲ್ಲು ನಗೋದು. ತಮ್ಮ ಕೈ ಮಾಡಿದ್ರೆ ಕಲ್ಲು ಕರೆಯೋದು. ಅದಕ್ಕೇ ಅವರಪ್ಪ ಸಾಯುವಾಗ, "ಮುಖ ನಿಂದು, ಕೈ ತಮ್ಮಂದು. ಒಬ್ಬರ ಪಾಲಿಗೆ ಇನ್ನೊಬ್ಬರು ಉಳಿ ಇಡಬೇಡಿ" ಅಂದಿದ್ದನಂತೆ.

ಗುಡ್ಡ ಕೊರೆಯೋದು ಮನೆ ಕಟ್ಟಿದ ಹಾಗಲ್ಲ. ಮೊದಲು ಚಾವಣಿ, ಆಮೇಲೆ ಗೋಡೆ, ಕೊನೆಗೆ ನೆಲ. ತೆಗೆದ ಕಲ್ಲನ್ನ ಮತ್ತೆ ಹಚ್ಚೋಕಾಗಲ್ಲ. ಕೊರೆದರು, ಕೊರೆದರು, ಏಳು ವರ್ಷ ಕೊರೆದರು. ಗೋಡೆ ತುಂಬ ಆನೆ, ಹಂಸ, ಬಳ್ಳಿ. ನಡುವೆ ಸ್ವಾಮಿಯ ಮುಖ ಮೂಡಿತು. ಎದೆ ಮುಂದೆ, ಅಭಯ ಕೊಡೋ ಕೈಗೆ ಅಂತ ಒಂದು ಗುಂಡುಕಲ್ಲು ಉಳಿಸಿದ್ದರು.

ಅಷ್ಟರಲ್ಲಿ ತಮ್ಮನ ಹೆಂಡತಿ ತವರಲ್ಲಿ ಹೆತ್ತಳು. "ಎಂಟೇ ದಿನ ಅಣ್ಣಾ, ಮಗೂನ ನೋಡ್ಕೊಂಡು ಬಂದೆ" ಅಂತ ಹೋದ.

ಬುತ್ತಿ ತರೋ ಮುದುಕಿ ಸ್ವಾಮಿ ಮುಖ ನೋಡಿ, "ಚೆನ್ನಾಗೈತೆ ಕಣಪ್ಪ. ಆದ್ರೆ ನಿನ್ನ ತಮ್ಮ ಕೈ ಮಾಡಿದ ಮೇಲಲ್ವಾ ಜೀವ ಬರೋದು!" ಅಂದಳಂತೆ. ಎರೆಯೋಜನ ಎದೇಲಿ ಮುಳ್ಳು ಮುರಿದಂಗಾಯ್ತು. ನಾನೇನು ಕೈ ಮಾಡಲಾರೆನೇ ಅಂತ ಉಳಿ ಎತ್ತಿದ. ಒಂದೇಟು ಸರಿ. ಎರಡೇಟು ಸರಿ. ಮೂರನೇ ಏಟಿಗೆ ಗುಂಡುಕಲ್ಲು ಬುಡ ಸಮೇತ ಕಳಚಿ ಕಾಲ ಬಳಿ ಬಿತ್ತು.

ತಮ್ಮ ಬಂದ. ಕೈಲಿ ಬೆಲ್ಲದಚ್ಚು. "ಹೆಣ್ಣುಮಗು ಅಣ್ಣಾ! ನಿನ್ನದೇ ಮೂಗು, ಪಾಪ!" ಅಂತ ನಗ್ತಾ ಬಂದೋನು ಹಾಗೇ ನಿಂತ. "ಕೈಕಲ್ಲು ಎಲ್ಲಣ್ಣಾ?"

"ಒಳಗೇ ಬಿರುಕಿತ್ತು ಕಣೋ. ತಾನೇ ಉದುರ್ತು."

ಬಮ್ಮೋಜ ಕಲ್ಲು ಕಿತ್ತುಬಂದ ಗಾಯದ ಮೇಲೆ ಬೆರಳಾಡಿಸಿದ. ಅಣ್ಣನ ಉಳಿ ಗೆರೆ ಅವನಿಗೆ ತಿಳೀದೆ ಇರುತ್ಯೇ?

"ಕಲ್ಲಿನ ಮೇಲೆ ಯಾಕೆ ತಪ್ಪು ಹಾಕ್ತೀಯಣ್ಣಾ? ಅದಕ್ಕೆ ಬಾಯಿಲ್ಲ" ಅಂದ. ಈಗಲಾದ್ರೂ ಹೇಳ್ತಾನೇನೋ ಅಂತ ಕಾದ. ಎರೆಯೋಜನ ನಾಲಿಗೆ ತುದೀತನಕ ಬಂತು. ಬಂದದ್ದು ಒಳಕ್ಕೇ ಹೋಯ್ತು.

ತಮ್ಮ ಗಾಯ ನಯ ಮಾಡಿದ. ಕೆಳಗೆ ಉಳಿದಿದ್ದ ಕಲ್ಲಲ್ಲೇ ಎರಡು ಕೈನೂ ಮಡಿಲಲ್ಲಿ ಒಂದರ ಮೇಲೊಂದು ಕೂರಿಸಿದ. ಬೆಲ್ಲದಚ್ಚು ಅಣ್ಣನ ಮುಂದಿಟ್ಟು ಗುಡ್ಡ ಇಳಿದ. ತಿರುಗಿ ಬರಲಿಲ್ಲ.

ಭಿಕ್ಷುಗಳು ಬಂದು ಆ ಗುಡೀಲಿ ತಂಗಿದರು. ಬಮ್ಮೋಜ ತನ್ನ ಹೆಂಡತಿಯ ತವರೂರಲ್ಲಿ ಬೀಸೋಕಲ್ಲು ಮಾಡ್ಕೊಂಡು ಬಾಳಿದ, ವಿಗ್ರಹ ಮತ್ತೆ ಮುಟ್ಟಲಿಲ್ಲವಂತೆ. ಈ ಮೂಗು ಯಾರದಪ್ಪಾ ಅಂತ ಮಗಳು ಕೇಳಿದ್ರೆ, "ನಿಮ್ಮ ದೊಡ್ಡಪ್ಪಂದು" ಅನ್ನೋನು, ಅಷ್ಟೇ. ಎರೆಯೋಜನಿಗೆ ಅಲ್ಲಿಗೆ ಎರಡೇ ದಿನದ ದಾರಿ. ನಾಳೆ ಹೋದೇನು, ನಾಳೆ ಹೋದೇನು ಅಂತ, ಮುರಿದ ಕಲ್ಲು ತೊಡೆ ಮೇಲಿಟ್ಕೊಂಡು ಗುಡಿ ಬಾಗಿಲಲ್ಲೇ ಮುದುಕನಾದ. ಎಂಥಾ ಕೈ ಅಂತ ಹೊಗಳಿದೋರಿಗೆಲ್ಲ, "ಕೈ ತಮ್ಮಂದು, ಒಡೆದದ್ದು ನಾನು" ಅನ್ನೋನಂತೆ. ಕೇಳಬೇಕಾದ ಒಬ್ಬನ್ನ ಬಿಟ್ಟು ಲೋಕಕ್ಕೆಲ್ಲ ಹೇಳಿದ.

ಅಣ್ಣ ಗುಡ್ಡದ ಬಾಗಿಲಲ್ಲಿ, ತಮ್ಮ ಆಚೆ ಊರಲ್ಲಿ, ನಾವಿಷ್ಟು ಜನ ಇಲ್ಲಿ.