ದುಂಡಪ್ಪ ಕಾಗದ ಮುಟ್ಟಿಸಿದ್ದು

ಕೇಳ್ರಪ್ಪಾ, ನಗು ಬಂದರೆ ತಡಕೋಬ್ಯಾಡ್ರಿ! ಟಪಾಲಿನವನು ಇನ್ನೂ ಹಳ್ಳಿಯ ಮುಖ ನೋಡದ ಕಾಲ. ಹೊಳೆಯ ಈ ದಂಡೆಯಲ್ಲಿ ತಂಗೆವ್ವ, ಆ ದಂಡೆಯಲ್ಲಿ ಅವಳ ಬಾಲ್ಯದ ಗೆಳತಿ ಸಾವಂತ್ರವ್ವ. ಹುಣ್ಣಿಮೆ ಕಳೆದರೆ ಸಾವಂತ್ರವ್ವ ಮಗನ ಜೊತೆ ಸೊಲ್ಲಾಪುರಕ್ಕೆ ಹೊರಡುವವಳು, ಮತ್ತೆ ಬರುವವಳಲ್ಲ. ತಂಗೆವ್ವನಿಗೋ ಮೊಣಕಾಲು ನೋವು, ಹೊಳೆ ದಾಟಲಾರಳು. ಇದ್ದವನೊಬ್ಬ ಮಗ, ದುಂಡಪ್ಪ. ಆಳು ಎತ್ತಿನಂಥವನು, ಬುದ್ಧಿ ಮಾತ್ರ ಹೇಳಿದಷ್ಟೇ!

ತಂಗೆವ್ವ ಶಾಲೆಯ ಐಗಳಿಂದ ಕಾಗದ ಬರೆಸಿದಳು. "ಸಾವಂತ್ರಿ ಕೈಯಾಗ ಕೊಡೋ ತಮ್ಮಾ. ಕೈಯಾಗ!"

ದುಂಡಪ್ಪನಿಗೆ ಕುತೂಹಲ. ಇಷ್ಟು ತೆಳ್ಳನೆಯದರಲ್ಲಿ ಅವ್ವನ ಮಾತು ಹೇಗೆ ಕೂತಿದೆ? ಕಿವಿಗೆ ಹಿಡಿದ. ಅಲ್ಲಾಡಿಸಿದ. ಮೂಸಿದ. ಏನೂ ಇಲ್ಲ! ಹೊಳೆ ದಾಟಿ ಹೋದರೆ ಸಾವಂತ್ರವ್ವ ಕುಳ್ಳು ತಟ್ಟುತ್ತಿದ್ದಳು. ಅವಳ ಸಗಣಿ ಮೆತ್ತಿದ ಕೈಯೊಳಗೇ ಕಾಗದ ಒತ್ತಿದ, ತಿರುಗಿ ಬಂದ. ಕಾಗದ ಕುಳ್ಳಿನ ಜೊತೆ ಗೋಡೆ ಸೇರಿತು.

ಸುದ್ದಿ ಕೇಳಿ ತಂಗೆವ್ವ ಹಣೆ ಬಡಿದುಕೊಂಡಳು. "ಅಯ್ಯ ಹುಚ್ಚಪ್ಪಾ! ಮೊದಲು ಚೊಲೋತ್ನಂಗ ತೊಳೀಬೇಕು, ಆಮ್ಯಾಲೆ ಕೊಡಬೇಕು!"

"ಹೂನ ಯವ್ವಾ!"

ಮತ್ತೊಂದು ಕಾಗದ. ದುಂಡಪ್ಪ ಅದನ್ನು ಹೊಳೆಯಲ್ಲಿ ಅದ್ದಿದ, ತಿಕ್ಕಿದ, ಹಿಂಡಿದ. ಮಸಿಯೆಲ್ಲ ಬಿಟ್ಟು ಬೆಳ್ಳಗಾಯಿತು. ಅವ್ವನ ಮಾತು ಮೀನಿಗೆ ಕೇಳಿಸಿತೇನೋ ಎಂದು ಬಗ್ಗಿ ನೋಡಿದ!

ಸಾವಂತ್ರವ್ವನ ಮಗ ಆ ಕಾಗದ ಹೊರಳಿಸಿ ನೋಡಿ, "ಇದರಾಗ ಏನೈತೋ?" ಅಂದ.

"ಸ್ವಚ್ಛ ಐತಿ!" ಅಂದ ದುಂಡಪ್ಪ.

"ಅಯ್ಯ ನನ್ನ ಕರ್ಮಾ!" ಅಂದಳು ತಂಗೆವ್ವ, ಅವನು ತಿರುಗಿ ಬಂದು ಹೇಳಿದಾಗ. "ತೊಯ್ಸಬಾರದೋ! ಸುರುಳಿ ಸುತ್ತಿ, ಬಿಗಿಯಾಗಿ ಕಟ್ಟಿ, ತಲಿ ಮ್ಯಾಲೆ ಹೊತ್ಕೊಂಡು ಹೊಳಿ ದಾಟಬೇಕು!"

"ಹೂನ ಯವ್ವಾ!"

ಹುಣ್ಣಿಮೆ ನಾಳೆ ಅನ್ನುವಾಗ, ಮತ್ತೆ ಬರೆಸಲು ಐಗಳೂ ಸಿಗದೆ ತಂಗೆವ್ವ ಸೋತಳು. "ಕಾಗದ ಸಾಕೋ ತಮ್ಮಾ. ಸಾವಂತ್ರೀನ್ನೇ ಕರಕೊಂಡು ಬಾ!"

ಹೋದ. ಸಾವಂತ್ರವ್ವ ಖುಷಿಯಿಂದ ಸೆರಗು ಹೊದ್ದು ಎದ್ದಳು. ನಡೆಯಲು ಬಿಟ್ಟಾನೆಯೇ? ಚಾಪೆಯಲ್ಲಿ ಸುರುಳಿ ಸುತ್ತಿದ, ಹಗ್ಗ ಬಿಗಿದ, ತಲೆ ಮೇಲೆ ಹೊತ್ತ!

"ಬಿಡೋ ನನ್ನ!"

"ತೊಯ್ತೀ, ಸುಮ್ಕಿರ ಚಿಗವ್ವಾ!"

ಮನೆಯ ಕಟ್ಟೆ ಮೇಲೆ ಚಾಪೆ ಬಿಚ್ಚಿದಾಗ ಗೆಳತಿಯರು ತಬ್ಬಿಕೊಂಡು ಅತ್ತರು, ನಕ್ಕರು.

ದುಂಡಪ್ಪ ತಡೆಯಲಾರದೆ ಕೇಳಿದ, "ಯವ್ವಾ, ಆ ಕಾಗದದಾಗ ಏನ್ ಬರಸಿದ್ದೆ?"

"ಒಮ್ಮೆ ಬಂದು ಮಾರಿ ತೋರಿಸಿ ಹೋಗು ಅಂತ ಬರಸಿದ್ದೆ, ಮಗನೇ!" ಎಂದು ತಂಗೆವ್ವ ಬೆಲ್ಲ ನೀರು ತರಲು ಒಳಗೆ ಹೋದಳು.

ಹೊರಗೆ ಬಂದರೆ ಕಟ್ಟೆ ಖಾಲಿ! ಚಾಪೆಯೂ ಇಲ್ಲ! ಹೊಳೆಯ ನಡುವಿನಿಂದ ಸಾವಂತ್ರವ್ವನ ಕೂಗು: "ತಂಗೆವ್ವಾ! ನಿನ್ನ ಮಗನ್ನ ಹಿಡಿಯೇ!"

ದುಂಡಪ್ಪ ತಿರುಗಿಯೂ ನೋಡದೆ ಕೂಗಿದ:

"ಮಾರಿ ತೋರಿಸಿದ್ದಾತು ಯವ್ವಾ! ಈಗ ಹೋಗಾಕತ್ತಾಳ!"